ಡಿ.ಜೆ.ಯ ಮೀಸಲು ಪೆಟ್ಟಿಗೆ

ಕಲ್ಯಾಣಮಂಟಪದ ಆರತಕ್ಷತೆಯಲ್ಲಿ ಊಟ ಕೊಂಚ ತಡವಾದರೆ ಅತಿಥಿಗಳು ಕುಶಲಪ್ರಶ್ನೆಯಲ್ಲಿ ಕಾಲ ಕಳೆದಾರು; ಹೂವಿನ ತೋರಣ ಒಂದೆಡೆ ಜಾರಿದರೆ ಕಂಡೂ ಕಾಣದವರಂತೆ ಇದ್ದಾರು; ಆದರೆ ವಧೂವರರು ವೇದಿಕೆಯತ್ತ ಹೆಜ್ಜೆಯಿಡುತ್ತಿರುವಾಗ, ಅವರಿಗಾಗಿಯೇ ಆಯ್ದಿರಿಸಿದ್ದ ಹಾಡು ನಡುವೆ ತಟಕ್ಕನೆ ನಿಂತುಹೋದರೆ, ಆ ಲೋಪವನ್ನು ಮರೆಮಾಚುವ ಉಪಾಯ ಅಲ್ಲಿ ನೆರೆದ ಯಾರ ಬಳಿಯಲ್ಲೂ ಇರುವುದಿಲ್ಲ. ಯಂತ್ರ ಕೆಟ್ಟುದು ಯಾರ ದೋಷದಿಂದ ಎಂಬ ವಿಚಾರಣೆಗೆ ಆಗ ಅವಕಾಶವಿಲ್ಲ. ಕೆಟ್ಟ ಮೇಲೆ ಎಷ್ಟು ಹೊತ್ತಿನಲ್ಲಿ ಮತ್ತೆ ನಾದ ಹೊರಟಿತೆಂಬುದೊಂದೇ ಡಿ.ಜೆ.ಗೆ ಸಭೆ ಒಡ್ಡುವ ಪರೀಕ್ಷೆ. ಆ ಪರೀಕ್ಷೆಗೆ ಸಿದ್ಧನಾಗುವ ಬಗೆ ಯಾವುದು, ಅದಕ್ಕೆಂದು ಯಾವ ಸಾಮಗ್ರಿಯನ್ನು ಮೀಸಲಿಡತಕ್ಕದ್ದು, ಯಾವುದನ್ನು ಮನೆಯಲ್ಲೇ ಬಿಡತಕ್ಕದ್ದು ಎಂಬುದು ಈ ವಾರದ ವಿಚಾರ.

ಡಿ.ಜೆ. ಎಂದೊಡನೆ ಅನೇಕರ ಕಣ್ಣಮುಂದೆ ಬರುವುದು ಮಹಾನಗರದ ಕ್ಲಬ್ಬು. ಆದರೆ ಕ್ಲಬ್ಬಿನ ಡಿ.ಜೆ.ಗೂ ಊರೂರು ತಿರುಗುವ ಸಂಚಾರಿ ಡಿ.ಜೆ.ಗೂ ಇರುವ ಅಂತರ ಅಲ್ಪವಲ್ಲ. ಕ್ಲಬ್ಬಿನಲ್ಲಿ ಸ್ಪೀಕರುಗಳು ಶಾಶ್ವತವಾಗಿ ನೆಲೆಗೊಂಡಿರುತ್ತವೆ, ವಿದ್ಯುತ್ತಿನ ವ್ಯವಸ್ಥೆ ವರ್ಷಗಟ್ಟಲೆ ಬಳಕೆಯಿಂದ ಪರೀಕ್ಷಿತವಾಗಿರುತ್ತದೆ, ಏನಾದರೂ ಕೆಟ್ಟರೆ ನೋಡಿಕೊಳ್ಳಲು ಅಲ್ಲಿಯವನೇ ಆದ ಒಬ್ಬ ಕೆಲಸಗಾರನಿರುತ್ತಾನೆ. ಸಂಚಾರಿಯಾದರೋ ಮಧ್ಯಾಹ್ನ ಟೆಂಪೋದಿಂದ ಸಾಮಾನಿಳಿಸಿ, ತಾನೆಂದೂ ಕಾಣದ ಛತ್ರದ ಗೋಡೆಯ ಪ್ಲಗ್ಗನ್ನು ನಂಬಿ, ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಜೋಡಿಸಿ, ಅದೇ ರಾತ್ರಿ ಬಿಚ್ಚಿಕೊಂಡು ಹೊರಡಬೇಕಾದವನು. ಅದರ ಮೇಲೆ ಕಾಲದ ಕಟ್ಟುಪಾಡು ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣಗಳಂಥ ಸ್ಥಳಗಳನ್ನುಳಿದು, ಧ್ವನಿವರ್ಧಕವನ್ನು ಬಳಸುವಂತಿಲ್ಲ. ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ ಸರ್ಕಾರ ಕೊಡಬಹುದಾದ ವಿನಾಯಿತಿಯೂ ಮಧ್ಯರಾತ್ರಿಯವರೆಗೆ ಮಾತ್ರ. ಆದುದರಿಂದ ಬಯಲಿನ ಶಾಮಿಯಾನದಲ್ಲಿ ಎಂಟು ಗಂಟೆಗೆ ಕಳೆದುಹೋದ ಅರ್ಧ ಗಂಟೆಯನ್ನು ಹತ್ತರ ನಂತರ ತುಂಬಿಕೊಡುತ್ತೇನೆಂದು ಹೇಳುವ ಸ್ವಾತಂತ್ರ್ಯ ಅವನಿಗಿಲ್ಲ. ನಿಂತ ಹೊತ್ತು ನಷ್ಟವಾದ ಹೊತ್ತೇ.

ಈ ವೃತ್ತಿಯ ಚರಿತ್ರೆಯನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಗ್ರಾಮಫೋನು ತಟ್ಟೆಗಳ ಕಾಲದಲ್ಲಿ ಡಿ.ಜೆ.ಯ ಮೇಜಿನ ಮೇಲೆ ಎರಡು ತಿರುಗಣೆಗಳು, ಅವುಗಳ ನಡುವೆ ಒಂದು ಮಿಕ್ಸರು ಇರುತ್ತಿದ್ದವು. 1972ರಲ್ಲಿ ಜಪಾನಿನಿಂದ ಹೊರಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ತಿರುಗಣೆ ಈ ವೃತ್ತಿಯ ಮಾನದಂಡವಾಗಿಯೇ ನಿಂತಿತು. ಒಂದರ ಹಾಡನ್ನು ಸಭೆ ಕೇಳುತ್ತಿರುವಾಗ ಇನ್ನೊಂದರ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ ಅಣಿಗೊಳಿಸುವುದಕ್ಕಾಗಿ ಎರಡು ಬೇಕಾಗಿದ್ದುವೇ ಹೊರತು ಕೆಟ್ಟರೆ ಇರಲೆಂದಲ್ಲ. ಆದರೂ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತಿತ್ತು, ಕಲೆಯ ನಯ ಕುಂದಿದರೂ ಕಾರ್ಯ ನಡೆದುಹೋಗುತ್ತಿತ್ತು. 2001ರಲ್ಲಿ ಪಯೋನಿಯರ್ ಕಂಪನಿಯ ಸಿಡಿಜೆ-1000 ಬಂದು ತಟ್ಟೆಯ ಸ್ಥಾನವನ್ನು ಸಿ.ಡಿ. ಆಕ್ರಮಿಸಿಕೊಂಡ ಮೇಲೂ ಎರಡು ಯಂತ್ರಗಳು ಎರಡಾಗಿಯೇ ಇದ್ದವು. ಬಳಿಕ ಲ್ಯಾಪ್‌ಟಾಪೂ ಅದಕ್ಕೆ ಜೋಡಿಸುವ ಕಂಟ್ರೋಲರೂ ಬಂದು ಎಲ್ಲವನ್ನೂ ಹಗುರಗೊಳಿಸಿದವು, ಅಗ್ಗಗೊಳಿಸಿದವು. ಜೊತೆಗೆ ಆ ಹಳೆಯ ಅಭಯವನ್ನೂ ಕಸಿದುಕೊಂಡವು. ಇಂದಿನ ಕಂಟ್ರೋಲರಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಚಕ್ರಗಳು ಕಾಣುತ್ತವೆ ನಿಜ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ಲ್ಯಾಪ್‌ಟಾಪು, ಒಂದೇ ಸಾಫ್ಟ್‌ವೇರು, ಒಂದೇ ಯು.ಎಸ್.ಬಿ. ಕೇಬಲು. ಕಣ್ಣಿಗೆ ಎರಡಾಗಿ ತೋರುವುದು ಕಾರ್ಯದಲ್ಲಿ ಒಂದೇ ಆಗಿರುವುದರಿಂದ, ಹಿಂದೆ ತಾನಾಗಿ ಒದಗುತ್ತಿದ್ದ ಆಶ್ರಯವನ್ನು ಈಗ ಬುದ್ಧಿಪೂರ್ವಕವಾಗಿ ಕಲ್ಪಿಸಿಕೊಳ್ಳಬೇಕಾಗಿದೆ.

ಇಲ್ಲಿ ಸ್ವಲ್ಪ ಗಣಿತ ಸಹಾಯಕ್ಕೆ ಬರುತ್ತದೆ. ಲ್ಯಾಪ್‌ಟಾಪಿನಿಂದ ಹೊರಟ ಹಾಡು ಸಭಿಕರ ಕಿವಿ ಮುಟ್ಟುವಷ್ಟರಲ್ಲಿ ಯು.ಎಸ್.ಬಿ. ಕೇಬಲು, ಕಂಟ್ರೋಲರು, ಮಿಕ್ಸರು, ಅಲ್ಲಿಂದ ಸ್ಪೀಕರಿಗೆ ಹೋಗುವ ತಂತಿ, ಆಂಪ್ಲಿಫಯರು, ಸ್ಪೀಕರು, ಇವಕ್ಕೆಲ್ಲ ಜೀವ ಕೊಡುವ ಅಡಾಪ್ಟರು, ಎಕ್ಸ್‌ಟೆನ್ಷನ್ ಬೋರ್ಡು, ಗೋಡೆಯ ಪ್ಲಗ್ಗು ಎಂದು, ಲ್ಯಾಪ್‌ಟಾಪೂ ಸೇರಿ, ಹತ್ತು ಕೊಂಡಿಗಳನ್ನಾದರೂ ದಾಟಬೇಕು. ಒಂದೊಂದು ಕೊಂಡಿಯೂ ನೂರಕ್ಕೆ ತೊಂಬತ್ತೊಂಬತ್ತು ಸಲ ನಿಷ್ಠೆಯಿಂದ ದುಡಿಯುವುದೆಂದು ಇಟ್ಟುಕೊಂಡರೂ, ಹತ್ತೂ ಒಟ್ಟಿಗೆ ಸರಿಯಾಗಿರುವ ಸಂಭವ ನೂರಕ್ಕೆ ತೊಂಬತ್ತರಷ್ಟು ಮಾತ್ರ. ಎಂದರೆ ಹತ್ತು ಸಮಾರಂಭಗಳಲ್ಲಿ ಹೆಚ್ಚುಕಡಿಮೆ ಒಂದರಲ್ಲಿ ಎಲ್ಲೋ ಒಂದು ಕೊಂಡಿ ಕೈಕೊಡುತ್ತದೆ. ಅದೇ ಕೊಂಡಿಗೆ ಸಮಾನವಾದ ಇನ್ನೊಂದು ಪಕ್ಕದಲ್ಲಿ ಸಿದ್ಧವಾಗಿದ್ದರೆ ಎರಡೂ ಏಕಕಾಲದಲ್ಲಿ ಕೆಡುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆ. ಮೀಸಲಿನ ಮಹಿಮೆಯೆಲ್ಲ ಈ ಎರಡು ಲೆಕ್ಕಗಳಲ್ಲಿ ಅಡಗಿದೆ.

ಆದರೆ ಎರಡನೆಯ ಲೆಕ್ಕಕ್ಕೆ ಒಂದು ನಿಬಂಧನೆಯುಂಟು. ಮೊದಲನೆಯದನ್ನು ಕೆಡಿಸಿದ ಕಾರಣ ಎರಡನೆಯದನ್ನು ತಟ್ಟಬಾರದು. ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಿ ಬಾವಿಗಿಳಿಸಿದವನಿಗೆ ಹಗ್ಗ ಹರಿದಾಗ ಎರಡು ಕೊಡಗಳ ಲಾಭ ದೊರೆಯದು. ಎರಡು ಲ್ಯಾಪ್‌ಟಾಪುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದವನು, ಹಾಡುಗಳ ಎರಡು ಪ್ರತಿಗಳನ್ನು ಒಂದೇ ಹಾರ್ಡ್‌ಡಿಸ್ಕಿನಲ್ಲಿಟ್ಟವನು, ಮೀಸಲು ಹಾಡುಗಳಿಗಾಗಿ ನೆಲಮಾಳಿಗೆಯ ಸಭಾಂಗಣದಲ್ಲಿ ಮೊಬೈಲಿನ ಇಂಟರ್ನೆಟ್ಟನ್ನು ನೆಚ್ಚಿದವನು, ಇವರೆಲ್ಲ ಮೀಸಲಿಗೆ ಹಣ ವ್ಯಯಿಸಿಯೂ ಮೀಸಲಿಲ್ಲದವರೇ. ಆದುದರಿಂದ ಡಿ.ಜೆ. ಮೊದಲು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನ್ನ ಬಳಿ ಎಷ್ಟು ಇವೆ’ ಎಂಬುದಲ್ಲ. ‘ಯಾವ ಒಂದು ವಸ್ತು ಕೆಟ್ಟರೆ ಇಡೀ ಸಭಾಂಗಣ ಮೂಕವಾಗುತ್ತದೆ’ ಎಂಬುದು. ಕಾಗದದ ಮೇಲೆ ಈ ಸರಪಳಿಯನ್ನು ಬರೆದು, ಒಂದೊಂದೇ ಕೊಂಡಿಯ ಮೇಲೆ ಬೆರಳಿಟ್ಟು ಈ ಪ್ರಶ್ನೆಯನ್ನು ಕೇಳುತ್ತ ಹೋದರೆ ಕೊಳ್ಳಬೇಕಾದುದರ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಆ ಪಟ್ಟಿಯಲ್ಲಿ ಮೊದಲ ಸ್ಥಾನ ವಿದ್ಯುತ್ತಿನದು. ನಮ್ಮ ದೇಶದಲ್ಲಿ ಮನೆಗೂ ಮಂಟಪಕ್ಕೂ ಬರುವ ವಿದ್ಯುತ್ತು 230 ವೋಲ್ಟಿನದೆಂದು ಪುಸ್ತಕ ಹೇಳುತ್ತದೆ. ಆದರೆ ದೊಡ್ಡ ಛತ್ರಗಳಿಗೆ ಮೂರು ಫೇಸುಗಳ ಸಂಪರ್ಕವಿದ್ದು, ಎರಡು ಫೇಸುಗಳ ನಡುವಣ ಒತ್ತಡ 400 ವೋಲ್ಟಿನಷ್ಟಿರುತ್ತದೆ. ನ್ಯೂಟ್ರಲ್ ತಂತಿ ಎಲ್ಲೋ ಸಡಿಲಗೊಂಡರೆ 230ಕ್ಕೆಂದು ರಚಿತವಾದ ಉಪಕರಣದ ಮೇಲೆ ಅದಕ್ಕಿಂತ ಬಹಳ ಹೆಚ್ಚಿನ ಒತ್ತಡ ಬಂದು ಬೀಳುತ್ತದೆ, ಆಗ ಮೇಜಿನ ಮೇಲಿರುವುದು ಮಾತ್ರವಲ್ಲದೆ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ ಮೀಸಲೂ ಸುಟ್ಟುಹೋಗುತ್ತದೆ. ಆ ಕಾರಣದಿಂದ ಅನುಭವಸ್ಥರು ಯಾವುದನ್ನೂ ಸಿಕ್ಕಿಸುವ ಮೊದಲು ಕೈಯಗಲದ ಒಂದು ಮಲ್ಟಿಮೀಟರಿನಿಂದ ಪ್ಲಗ್ಗನ್ನು ಪರೀಕ್ಷಿಸುತ್ತಾರೆ. ಜನರೇಟರಿಗೆ ಬದಲಾಯಿಸಿದಾಗ ಒತ್ತಡ ಎಷ್ಟಾಗುವುದೆಂಬುದನ್ನೂ, ಸಮಾರಂಭ ಆರಂಭವಾಗುವ ಮೊದಲೇ, ಮಂಟಪದ ಎಲೆಕ್ಟ್ರಿಷಿಯನ್‌ನನ್ನು ಕರೆದು ಒಮ್ಮೆ ನಡೆಸಿ ನೋಡುತ್ತಾರೆ. ಸೀರಿಯಲ್ ಸೆಟ್ಟಿನ ದೀಪಗಳೂ ಅಡುಗೆಮನೆಯ ಗ್ರೈಂಡರೂ ಇರುವ ಫೇಸಿನಿಂದ ಧ್ವನಿಯ ಉಪಕರಣಗಳನ್ನು ಬೇರ್ಪಡಿಸುವುದು ಲೇಸು. ಗುಂಯ್ ಎಂಬ ಸದ್ದು ಬರುತ್ತದೆಂದು ಪ್ಲಗ್ಗಿನ ಅರ್ಥಿಂಗ್ ಕಡ್ಡಿಯನ್ನು ಕಿತ್ತುಹಾಕುವ ಅಭ್ಯಾಸವೊಂದು ಕೆಲವೆಡೆ ಉಂಟು. ಅದು ಸದ್ದಿನೊಡನೆ ಪ್ರಾಣವನ್ನೂ ತೆಗೆಯಬಲ್ಲ ಅವಿವೇಕ. ಆ ಗುಂಯ್‌ಕಾರಕ್ಕೆ ಡಿ.ಐ. ಬಾಕ್ಸ್ ಎಂಬ ಚಿಕ್ಕ ಉಪಕರಣವೇ ತಕ್ಕ ಪರಿಹಾರ.

ಕರೆಂಟು ಹೋಗಿ ಜನರೇಟರು ಹತ್ತಿಕೊಳ್ಳುವವರೆಗಿನ ಅಂತರವನ್ನು ತುಂಬಲು ಯು.ಪಿ.ಎಸ್. ಬೇಕು. ಇಲ್ಲಿ ಹಲವರು ಒಂದು ಅಂಶವನ್ನು ಗಮನಿಸುವುದಿಲ್ಲ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿಯುಂಟು, ಯು.ಎಸ್.ಬಿ. ತಂತಿಯಿಂದಲೇ ಶಕ್ತಿ ಪಡೆಯುವ ಸಣ್ಣ ಕಂಟ್ರೋಲರೂ ಅದರೊಡನೆ ಬದುಕಿರುತ್ತದೆ. ಸಾಯುವವು ಮಿಕ್ಸರು, ವೈರ್‌ಲೆಸ್ ಮೈಕಿನ ರಿಸೀವರು, ಸ್ಪೀಕರು. ಇವುಗಳಲ್ಲಿ ಸ್ಪೀಕರುಗಳ ಭಾರವನ್ನು ಚಿಕ್ಕ ಯು.ಪಿ.ಎಸ್. ಹೊರಲಾರದು, ಹೊರಿಸಲೂ ಬಾರದು. ಮೇಜಿನ ಮೇಲಿನ ಉಪಕರಣಗಳಿಗಾದರೆ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯುಳ್ಳ ಸಾಧಾರಣ ಯು.ಪಿ.ಎಸ್. ಅರ್ಧ ಗಂಟೆಯ ಆಸುಪಾಸಿನವರೆಗೆ ಸಾಕು. ಕರೆಂಟು ಮರಳಿದೊಡನೆ ಎಲ್ಲವನ್ನೂ ಮೊದಲಿನಿಂದ ಎಬ್ಬಿಸುವ ಗೊಡವೆಯಿಲ್ಲದೆ ಹಾಡು ಮುಂದುವರಿಯುತ್ತದೆ. ಈ ವಿಚಾರದಲ್ಲಿ ನಮ್ಮ ಹಳ್ಳಿಗಳ ಮೈಕ್‌ಸೆಟ್ಟಿನವರು ಇಂದಿನವರಿಗೆ ಗುರುಗಳೆಂದರೆ ತಪ್ಪಲ್ಲ. ಅವರು ಬಳಸುತ್ತಿದ್ದ, ಇಂದಿಗೂ ಬಳಸುತ್ತಿರುವ ಆಹುಜಾ ಮೊದಲಾದ ಆಂಪ್ಲಿಫಯರುಗಳಲ್ಲಿ ಹಲವಕ್ಕೆ ಗೋಡೆಯ ವಿದ್ಯುತ್ತಿನಿಂದಲೂ 12 ವೋಲ್ಟಿನ ಕಾರಿನ ಬ್ಯಾಟರಿಯಿಂದಲೂ ನಡೆಯುವ ಏರ್ಪಾಡಿದೆ. ಕರೆಂಟು ಯಾವಾಗ ಬರುವುದೆಂದು ಯಾರೂ ಹೇಳಲಾರದ ಊರಿನ ಜಾತ್ರೆಯಲ್ಲಿ ಬೆಂಚಿನ ಕೆಳಗೆ ಕುಳಿತ ಆ ಬ್ಯಾಟರಿಯೇ ಹರಿಕಥೆಯನ್ನು ಮಂಗಳದವರೆಗೆ ಮುಟ್ಟಿಸುತ್ತಿತ್ತು. ಗೋಡೆಗೂ ಬ್ಯಾಟರಿಗೂ ಪರಸ್ಪರ ಸಂಬಂಧವಿಲ್ಲ. ನಾವು ಮೇಲೆ ಹೇಳಿದ ನಿಬಂಧನೆಗೆ ಇದಕ್ಕಿಂತ ಶುದ್ಧವಾದ ನಿದರ್ಶನ ದೊರೆಯದು.

ಎರಡನೆಯ ಸ್ಥಾನ ತಂತಿಗಳದು. ಸಾವಿರಾರು ರೂಪಾಯಿಯ ಯಂತ್ರದ ಮೇಲೆ ಸಂಶಯಪಟ್ಟು ಅದನ್ನು ಬಿಚ್ಚಿನೋಡುವ ಮೊದಲು, ಅದಕ್ಕೆ ಚುಚ್ಚಿದ ತಂತಿಯನ್ನು ಬದಲಾಯಿಸಿ ನೋಡುವುದು ಉಚಿತ. ತಂತಿ ಕೆಡುವುದು ನಡುವಿನಲ್ಲಿ ಅಪರೂಪ. ತುದಿಯ ಪ್ಲಗ್ಗಿನೊಳಗೆ ಬೆಸುಗೆ ಹಾಕಿದ ಎಡೆಯಲ್ಲಿ, ಹಲವು ಸಲ ಬಾಗಿ ಬಾಗಿ, ಹೊರಗಿನ ರಬ್ಬರು ನೆಟ್ಟಗಿರುವಾಗಲೇ ಒಳಗಿನ ಎಳೆಗಳು ಹರಿದಿರುತ್ತವೆ. ಅಂಥ ತಂತಿ ಸುಮ್ಮನಿದ್ದಾಗ ಹಾಡುತ್ತದೆ, ಮುಟ್ಟಿದರೆ ಕರಕರ ಎನ್ನುತ್ತದೆ, ಕುಣಿಯುವವರ ಹೆಜ್ಜೆಗೆ ಮೇಜು ಅದುರಿದೊಡನೆ ಮೂಕವಾಗುತ್ತದೆ. ಅದರಲ್ಲಿಯೂ ಕಂಟ್ರೋಲರಿನ ಹಿಂಬದಿಗೆ ಚುಚ್ಚುವ ಚೌಕನೆಯ ಮೂತಿಯ ಯು.ಎಸ್.ಬಿ. ಕೇಬಲು ಮೀಸಲು ಪೆಟ್ಟಿಗೆಯ ಪ್ರಥಮ ನಿವಾಸಿಯಾಗತಕ್ಕದ್ದು. ಅದು ಅರೆಕ್ಷಣ ಸಡಿಲವಾದರೂ ಲ್ಯಾಪ್‌ಟಾಪಿಗೆ ಕಂಟ್ರೋಲರಿನ ಗುರುತು ತಪ್ಪಿಹೋಗುತ್ತದೆ. ಮಿಕ್ಸರಿನಿಂದ ಸ್ಪೀಕರಿಗೆ ಹೋಗುವ ಎಕ್ಸ್‌ಎಲ್‌ಆರ್ ಕೇಬಲು ಒಂದು ಜೊತೆ, ಆರ್‌ಸಿಎ ಕೇಬಲು ಒಂದು, ಪವರ್ ಕಾರ್ಡು ಎರಡು, ಲ್ಯಾಪ್‌ಟಾಪಿಗೊಪ್ಪುವ ಇನ್ನೊಂದು ಚಾರ್ಜರು, ಉಪಕರಣಕ್ಕೆ ಹೇಳಿದ ಪ್ರಮಾಣದವೇ ಆದ ಗಾಜಿನ ಫ್ಯೂಸುಗಳು, ಇಷ್ಟು ಸೇರಿದರೂ ಸಾಮಾನ್ಯವಾಗಿ ಒಂದು ಕಂಟ್ರೋಲರಿನ ಬೆಲೆಯನ್ನು ಮುಟ್ಟದು. ಫ್ಯೂಸು ಸಿಗಲಿಲ್ಲವೆಂದು ದೊಡ್ಡ ಪ್ರಮಾಣದ್ದನ್ನೋ ಸಿಗರೇಟು ಪೊಟ್ಟಣದ ಬೆಳ್ಳಿಹಾಳೆಯನ್ನೋ ಸೇರಿಸುವವನು ಕಾವಲುಗಾರನನ್ನು ಕಟ್ಟಿಹಾಕಿ ಮನೆಯನ್ನು ತೆರೆದಿಟ್ಟಂತೆಯೇ ಸರಿ.

ಮೂರನೆಯದು ಹಾಡಿನ ಮೂಲ. ಎರಡನೆಯ ಲ್ಯಾಪ್‌ಟಾಪು ಉತ್ತಮೋತ್ತಮ. ಆದರೆ ಎಲ್ಲರಿಗೂ ಅದು ಕೈಗೆಟುಕದು, ಎಟುಕಬೇಕಾದ ಅಗತ್ಯವೂ ಇಲ್ಲ. ಸಂಗ್ರಹದ ಪ್ರತಿಯನ್ನು ಒಂದು ಪ್ರತ್ಯೇಕ ಡಿಸ್ಕಿನಲ್ಲಿ, ಆ ದಿನದ ಅನಿವಾರ್ಯ ಹಾಡುಗಳ ಪ್ರತಿಯನ್ನು ಎರಡು ಪೆನ್‌ಡ್ರೈವುಗಳಲ್ಲಿ, ಒಂದು ಗಂಟೆ ಎಡೆಬಿಡದೆ ನಡೆಯುವ ಸಿದ್ಧ ಮಾಲಿಕೆಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡವನು ಮುಕ್ಕಾಲು ಪಾಲು ಸುರಕ್ಷಿತ. ಪೆನ್‌ಡ್ರೈವಿನ ವಿಷಯದಲ್ಲಿ ಒಂದು ಎಚ್ಚರ. ಅದನ್ನು ವಿಂಡೋಸ್ ಗಣಕದ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಅಣಿಗೊಳಿಸಿದ್ದರೆ ಪಯೋನಿಯರಿನ ಸಿಡಿಜೆಗಳು ಅದನ್ನು ಓದಲಾರವು, ಎಫ್‌ಎಟಿ32 ಪದ್ಧತಿಯಲ್ಲಿದ್ದರೆ ಓದುತ್ತವೆ. ಮೊಬೈಲಿನಲ್ಲಿರುವ ಹಾಡುಗಳು ಮೊಬೈಲಿನಲ್ಲಿಯೇ ಇಳಿದಿರಬೇಕು, ಜಾಲದಿಂದ ಹರಿದುಬರುವಂತಿರಬಾರದು. ಕಾರ್ಯಕ್ರಮದ ಹೊತ್ತಿನಲ್ಲಿ ಅದನ್ನು ಏರೋಪ್ಲೇನ್ ಮೋಡಿನಲ್ಲಿಡದಿದ್ದರೆ ಯಾರದೋ ಕರೆಯ ರಿಂಗ್‌ಟೋನು ಸಭೆಗೆಲ್ಲ ಕೇಳಿಸೀತು. ಲ್ಯಾಪ್‌ಟಾಪಿನ ಸ್ವಯಂಚಾಲಿತ ಅಪ್‌ಡೇಟನ್ನೂ, ವಿದ್ಯುತ್ತು ಉಳಿಸಲೆಂದು ಯು.ಎಸ್.ಬಿ.ಯನ್ನು ಮಲಗಿಸುವ ಆಯ್ಕೆಯನ್ನೂ ಮನೆಯಲ್ಲೇ ನಿಲ್ಲಿಸಿ ಬರುವುದು ಖರ್ಚಿಲ್ಲದ ಮುನ್ನೆಚ್ಚರಿಕೆ.

ಈಗ ಆಪತ್ಕಾಲದ ಹತ್ತು ಸೆಕೆಂಡುಗಳನ್ನು ಸಮೀಪದಿಂದ ನೋಡೋಣ. ಪರದೆ ಸ್ತಬ್ಧವಾಯಿತು, ಹಾಡಿನ ಒಂದು ತುಣುಕು ಗಿರಗಿರನೆ ಅದೇ ಸ್ಥಾನದಲ್ಲಿ ಸುತ್ತುತ್ತಿದೆ. ಸಿದ್ಧತೆಯುಳ್ಳವನ ಎಡಗೈ ಮಿಕ್ಸರಿನಲ್ಲಿ ಲ್ಯಾಪ್‌ಟಾಪಿನ ಧ್ವನಿಯನ್ನು ಏರಿಳಿಸುವ ಫೇಡರನ್ನು ಕೆಳಗೆಳೆಯುತ್ತದೆ. ಅದೇ ವೇಳೆಗೆ ಬಲಗೈ ಮೊಬೈಲಿನ ಪ್ಲೇ ಗುಂಡಿಯನ್ನೊತ್ತಿ, ಮಧ್ಯಾಹ್ನವೇ ಮಟ್ಟವನ್ನು ಅಳೆದು ಬಣ್ಣದ ಟೇಪಿನಿಂದ ಗುರುತು ಹಚ್ಚಿದ್ದ ಎರಡನೆಯ ಫೇಡರನ್ನು ಆ ಗುರುತಿನವರೆಗೆ ಏರಿಸುತ್ತದೆ. ಹಾಡು ಬದಲಾಯಿತೆಂದು ಕುಣಿಯುವವರು ತಿಳಿದಾರು, ಕೆಟ್ಟಿತೆಂದು ತಿಳಿಯರು. ಆಮೇಲೆ ಅವನು ಲ್ಯಾಪ್‌ಟಾಪನ್ನು ನಿಧಾನವಾಗಿ ಮರುಪ್ರಾರಂಭಿಸಬಹುದು. ಸಿದ್ಧತೆಯಿಲ್ಲದವನಾದರೋ ಅದೇ ಮೊಬೈಲು, ಅದೇ ತಂತಿ ತನ್ನ ಬಳಿಯಿದ್ದರೂ, ಚೀಲದ ಜಿಪ್ಪೆಳೆದು, ತಂತಿಯ ಗಂಟು ಬಿಡಿಸಿ, ಅದನ್ನು ಯಾವ ರಂಧ್ರಕ್ಕೆ ಚುಚ್ಚಬೇಕೆಂದು ಮೊಬೈಲಿನ ಬೆಳಕಿನಲ್ಲಿ ಮಿಕ್ಸರಿನ ಬೆನ್ನನ್ನು ಹುಡುಕುತ್ತಾನೆ. ಅಷ್ಟರಲ್ಲಿ ವಧುವಿನ ಸೋದರಮಾವ ಮೇಜಿನ ಬಳಿ ಬಂದು, ‘ಏನಪ್ಪಾ, ಏನಾಯ್ತು?’ ಎಂದು ನಿಂತಿರುತ್ತಾರೆ. ಇಬ್ಬರ ಬಳಿಯೂ ಇದ್ದ ಸಾಮಗ್ರಿ ಒಂದೇ. ಚೀಲದೊಳಗಿನ ಮೀಸಲಿಗೂ ಜೋಡಿಸಿಟ್ಟ ಮೀಸಲಿಗೂ ಇರುವ ಭೇದವೇ ವೃತ್ತಿಪರತೆ. ಈ ಕಾರಣದಿಂದಲೇ, ಕಂಟ್ರೋಲರಿನಿಂದ ನೇರವಾಗಿ ಸ್ಪೀಕರಿಗೆ ಹೋಗುವ ಬದಲು ನಡುವೆ ನಾಲ್ಕು ಮಾರ್ಗಗಳ ಒಂದು ಚಿಕ್ಕ ಮಿಕ್ಸರನ್ನಿಡುವುದು ಕ್ಷೇಮಕರ; ಕಂಟ್ರೋಲರೇ ಸತ್ತರೂ ಮೊಬೈಲಿಗೂ ಮೈಕಿಗೂ ಹೋಗಲು ದಾರಿಯುಳಿದಿರುತ್ತದೆ.

ಸ್ಪೀಕರುಗಳ ವಿಚಾರದಲ್ಲಿ ಮೀಸಲು ಎನ್ನುವುದು ಕೊಳ್ಳುವ ಮಾತಿಗಿಂತ ಜೋಡಿಸುವ ಮಾತು. ಒಂದೇ ದೊಡ್ಡ ಆಂಪ್ಲಿಫಯರು ಎಲ್ಲ ಪೆಟ್ಟಿಗೆಗಳನ್ನೂ ನಡೆಸುತ್ತಿದ್ದರೆ ಅದರೊಡನೆ ಎಲ್ಲವೂ ನಿಲ್ಲುತ್ತವೆ. ಆಂಪ್ಲಿಫಯರನ್ನು ಒಡಲಲ್ಲೇ ಇಟ್ಟುಕೊಂಡ ಸ್ಪೀಕರುಗಳು ಎರಡಿದ್ದರೆ, ಒಂದು ಹೋದಾಗ ಇನ್ನೊಂದು ಕೆಲಸವನ್ನು ಸಾಗಿಸುತ್ತದೆ. ಆದರೆ ಎಡ ಬಲಗಳಿಗೆ ಸ್ಟೀರಿಯೊ ರೀತಿಯಲ್ಲಿ ಬೇರೆ ಬೇರೆ ಧ್ವನಿಯನ್ನು ಕಳಿಸಿದ್ದರೆ, ಉಳಿದ ಒಂದರಲ್ಲಿ ಹಾಡಿನ ಅರ್ಧಭಾಗ ಮಾತ್ರ ಕೇಳೀತು. ಮೋನೊ ಕ್ರಮದಲ್ಲಿ ಎರಡಕ್ಕೂ ಒಂದೇ ಧ್ವನಿಯನ್ನು ಕಳಿಸುವುದು ಸಭಾಂಗಣಕ್ಕೆ ಹೇಗೂ ಒಪ್ಪುವ ಕ್ರಮ, ಅಪಾಯಕಾಲಕ್ಕಂತೂ ಅದೇ ಸರಿ. ಮೈಕಿನ ವಿಷಯ ಇನ್ನೂ ಸುಲಭ. ವೈರ್‌ಲೆಸ್ ಮೈಕಿನ ಬ್ಯಾಟರಿ ಮುಗಿಯುವುದುಂಟು, 2.4 ಗಿಗಾಹರ್ಟ್ಸ್ ತರಂಗದಲ್ಲಿ ನಡೆಯುವ ಅಗ್ಗದ ಮೈಕುಗಳು ವೈ-ಫೈಯೊಡನೆ ತಿಕ್ಕಾಡಿ ತೊದಲುವುದೂ ಉಂಟು. ತಂತಿಯುಳ್ಳ ಒಂದು ಡೈನಾಮಿಕ್ ಮೈಕಿಗೆ ಬ್ಯಾಟರಿಯೂ ಬೇಡ, ತರಂಗವೂ ಬೇಡ. 1966ರಿಂದ ತಯಾರಾಗುತ್ತಿರುವ ಶೂರ್ ಎಸ್‌ಎಂ58 ಇಂದಿಗೂ ವೇದಿಕೆಗಳ ಮೇಲೆ ಕಾಣುವುದು ಈ ಸರಳತೆಯ ಬಲದಿಂದಲೇ. ಹಾಡು ನಿಂತರೂ ಮೈಕು ಜೀವಂತವಾಗಿದ್ದರೆ ನಿರೂಪಕನ ನಾಲ್ಕು ಮಾತುಗಳು ಸಭೆಯನ್ನು ಹಿಡಿದಿಟ್ಟಾವು.

ಇಷ್ಟೆಲ್ಲ ಹೇಳಿದ ಮೇಲೆ ಅತಿಯಾದ ಮೀಸಲೂ ಒಂದು ದೋಷವೆಂದು ಹೇಳಬೇಕಾಗಿದೆ. ಎಲ್ಲದಕ್ಕೂ ಎರಡೆರಡು ಹೊತ್ತು ತಂದವನು ಜೋಡಿಸುವ ಹೊತ್ತನ್ನೂ ತಪ್ಪಿನ ಸಾಧ್ಯತೆಯನ್ನೂ ಇಮ್ಮಡಿಸಿಕೊಳ್ಳುತ್ತಾನೆ. ಸಬ್‌ವೂಫರು ಕೆಟ್ಟರೆ ನಾದದ ಗಾಂಭೀರ್ಯ ಕುಂದೀತು, ಕಾರ್ಯಕ್ರಮ ನಿಲ್ಲದು. ಬಣ್ಣದ ದೀಪ ಆರಿದರೆ ಯಾರೂ ಮನೆಗೆ ಹೋಗರು. ಅವಕ್ಕೆ ಮೀಸಲು ಬೇಕಿಲ್ಲ. ದುಬಾರಿಯಾದ, ಅಪರೂಪಕ್ಕೆ ಕೆಡುವ ವಸ್ತುವಿಗೆ ಸ್ವಂತ ಮೀಸಲಿಗಿಂತ ಸಮೀಪದ ಊರಿನ ಸಹೋದ್ಯೋಗಿಯ ಸ್ನೇಹ ಲೇಸು. ‘ಶನಿವಾರ ರಾತ್ರಿ ನಾನು ಇಂಥ ಛತ್ರದಲ್ಲಿರುತ್ತೇನೆ, ಬೇಕಾದರೆ ನಿನ್ನ ಕಂಟ್ರೋಲರು ಸಿಗುತ್ತದೆಯೇ’ ಎಂದು ಮೊದಲೇ ಮಾತಾಡಿಟ್ಟುಕೊಳ್ಳಬಹುದು. ಡಿ.ಜೆ.ಗೇ ಜ್ವರ ಬಂದರೆ ಏನೆಂಬ ಪ್ರಶ್ನೆಗೂ ಈ ಸ್ನೇಹವೇ ಉತ್ತರ, ಏಕೆಂದರೆ ಸರಪಳಿಯಲ್ಲಿ ಮನುಷ್ಯನೂ ಒಂದು ಕೊಂಡಿ.

ಕಡೆಯದಾಗಿ ಮೀಸಲಿನ ಪಾಲನೆ. ಹೊಸ ಯಂತ್ರವನ್ನು ಕೊಂಡಾಗ, ಆಗಾಗ ಕೈಕೊಡುತ್ತಿದ್ದ ಹಳೆಯದನ್ನು ಮೀಸಲು ಎಂದು ಹೆಸರಿಸಿ ಮೂಲೆಗಿಡುವುದು ಲೋಕರೂಢಿ. ನಂಬಲಾಗದೆ ಬಿಟ್ಟ ವಸ್ತುವನ್ನೇ ಸಂಕಟಕಾಲದಲ್ಲಿ ನಂಬುವುದು ಎಂಥ ತರ್ಕ! ಮೀಸಲು ವಸ್ತುವನ್ನು ತಿಂಗಳಿಗೊಮ್ಮೆಯಾದರೂ ಮುಖ್ಯಸ್ಥಾನದಲ್ಲಿಟ್ಟು ದುಡಿಸತಕ್ಕದ್ದು. ಯು.ಪಿ.ಎಸ್.ನ ಬ್ಯಾಟರಿ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಅದನ್ನು ಹೊರೆಯ ಮೇಲೆ ಹಾಕಿ ಎಷ್ಟು ನಿಮಿಷ ನಿಲ್ಲುವುದೆಂದು ನೋಡಿಯೇ ತಿಳಿಯಬೇಕು. ಕೆಟ್ಟ ತಂತಿಯನ್ನು ‘ಆಮೇಲೆ ನೋಡೋಣ’ ಎಂದು ಮತ್ತೆ ಚೀಲಕ್ಕೆ ಹಾಕದೆ ಅಲ್ಲಿಯೇ ಗಂಟು ಹಾಕಿ ಗುರುತಿಡಬೇಕು, ಇಲ್ಲದಿದ್ದರೆ ಮುಂದಿನ ಸಲ ಮೀಸಲೆಂದು ಕೈಗೆ ಬರುವುದು ಅದೇ. ಕರಾವಳಿಯ ಆರ್ದ್ರತೆ, ಬಯಲುಸೀಮೆಯ ಏಪ್ರಿಲ್ ಬಿಸಿಲು, ಮಲೆನಾಡಿನ ಹಠಾತ್ ಮಳೆ ಇವು ಮೂರೂ ಕರ್ನಾಟಕದಲ್ಲಿ ತಿರುಗುವವನಿಗೆ ಗೊತ್ತಿದ್ದ ವೈರಿಗಳೇ. ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ, ಮೇಜಿಗೊಂದು ನೆರಳು, ಲ್ಯಾಪ್‌ಟಾಪಿನ ಅಡಿಯಲ್ಲಿ ಗಾಳಿಯಾಡುವಷ್ಟು ಎಡೆ, ಇಷ್ಟರಿಂದ ಇವುಗಳಲ್ಲಿ ಬಹುಭಾಗವನ್ನು ಗೆಲ್ಲಬಹುದು.

ಓದುಗರಲ್ಲಿ ಡಿ.ಜೆ.ಗಳು ಕೆಲವರಿದ್ದಾರು, ಮಗಳ ಮದುವೆಗೋ ಮಗನ ಆರತಕ್ಷತೆಗೋ ಡಿ.ಜೆ.ಯನ್ನು ಗೊತ್ತುಮಾಡಬೇಕಾದವರು ಹಲವರಿದ್ದಾರು. ಅಂಥವರಿಗೆ ಒಂದು ಮಾತು. ಮುಂಗಡ ಕೊಡುವ ಮೊದಲು ಎಷ್ಟು ವಾಟಿನ ಸ್ಪೀಕರು, ಎಷ್ಟು ದೀಪ ಎಂದು ಕೇಳುವುದರ ಜೊತೆಗೆ, ‘ನಿಮ್ಮ ಲ್ಯಾಪ್‌ಟಾಪ್ ನಡುವೆ ನಿಂತರೆ ಏನು ಮಾಡ್ತೀರಿ?’ ಎಂದೂ ಕೇಳಿ. ‘ಹಾಗೆಲ್ಲಾ ಆಗಲ್ಲ ಸಾರ್’ ಎಂದವನಿಗೆ ನಮಸ್ಕಾರ ಹೇಳಿ ಕಳಿಸಿ. ಏನು ಮಾಡುವೆನೆಂಬುದನ್ನು ಎರಡು ವಾಕ್ಯಗಳಲ್ಲಿ ಬಿಡಿಸಿ ಹೇಳಿದವನಿಗೆ, ಅವನ ದರ ಸ್ವಲ್ಪ ಹೆಚ್ಚಾದರೂ, ಚೌಕಾಸಿ ಮಾಡದೆ ಮುಂಗಡ ಕೊಡಿ.